ಸರದಿಗಾಗಿ ಕಾದವನ ಸಾಧನೆ



ಕ್ರೀಡಾಪಟುಗಳ ಜೀವನಚರಿತ್ರೆಗಳನ್ನು ಮಕ್ಕಳ ಕೈಗೆ ಕೊಡುವಾಗ ನಾವು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಅಗ್ರಗಣ್ಯರನ್ನೇ. ಅತಿ ಹೆಚ್ಚು ಓಟ ಗಳಿಸಿದವರು, ಅತಿ ಹೆಚ್ಚು ಪದಕ ಗೆದ್ದವರು, ತಂಡದ ನಾಯಕರಾಗಿ ಮೆರೆದವರು ಮುಂತಾದವರ ಕಥೆಗಳೇ ನಮ್ಮ ಮನೆಗಳ ಕಪಾಟಿನಲ್ಲಿವೆ. ಅದು ಸಲ್ಲದೆಂದು ನಾವು ಹೇಳುವುದಿಲ್ಲ. ಆದರೆ ಅಗ್ರಸ್ಥಾನವೆಂಬುದು ಒಬ್ಬಿಬ್ಬರಿಗೆ ಮಾತ್ರ ದೊರೆಯತಕ್ಕದ್ದು. ಉಳಿದ ಅಸಂಖ್ಯಾತ ಜನರು ತಮ್ಮ ಪಾಲಿಗೆ ಬಂದ ಸ್ಥಾನದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಆ ಪುಸ್ತಕಗಳು ತಿಳಿಸುವುದಿಲ್ಲ. ಆದುದರಿಂದ ಈ ಸಲ ನಾವು, ನಮ್ಮ ಓದುಗರಲ್ಲಿ ಬಹುಮಂದಿ ಹೆಸರನ್ನೂ ಕೇಳಿರಲಾರದ ಒಬ್ಬ ಅಮೆರಿಕನ್ ಆಟಗಾರರ ವಿಷಯವನ್ನು ಎತ್ತಿಕೊಂಡಿದ್ದೇವೆ. ಅವರ ಹೆಸರು ಲೆನ್ನಿ ಹ್ಯಾರಿಸ್, ಅವರ ಆಟ ಬೇಸ್‌ಬಾಲ್. ಹದಿನೆಂಟು ಋತುಗಳ ಕಾಲ ಆ ದೇಶದ ವೃತ್ತಿಪರ ಆಟದ ಅತ್ಯುನ್ನತ ಮಟ್ಟದಲ್ಲಿದ್ದರೂ, ತಮ್ಮದೇ ಎಂದು ಹೇಳಿಕೊಳ್ಳುವ ಖಾಯಂ ಸ್ಥಾನ ಅವರಿಗೆ ಬಹುಪಾಲು ಇರಲಿಲ್ಲ. ಆದರೂ ಒಂದು ಕೆಲಸದಲ್ಲಿ ಅವರನ್ನು ಮೀರಿಸಿದವರು ಆ ಆಟದ ದೀರ್ಘ ಚರಿತ್ರೆಯಲ್ಲಿಯೇ ಇಲ್ಲ.

ಆ ಕೆಲಸ ಯಾವುದೆಂದು ತಿಳಿಯಬೇಕಾದರೆ ಮೊದಲು ಆಟದ ರೀತಿಯನ್ನು ಸ್ವಲ್ಪ ತಿಳಿಯುವುದು ಅವಶ್ಯ. ಕ್ರಿಕೆಟ್ ಬಲ್ಲವರಿಗೆ ಇದು ಕಷ್ಟವಾಗಲಾರದು. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೆ ಒಂಬತ್ತು ಜನ, ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಆತ ಅರವತ್ತೂವರೆ ಅಡಿ ದೂರದಿಂದ, ನೆಲಕ್ಕೆ ತಾಗಿಸದೆ, ಗಂಟೆಗೆ ೧೪೫ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಚೆಂಡನ್ನು ಎಸೆಯಬಲ್ಲನು. ಚೆಂಡು ಬ್ಯಾಟಿನ ಬಳಿ ಬರಲು ಅರ್ಧ ಕ್ಷಣವೂ ಬೇಕಾಗುವುದಿಲ್ಲ. ಅಷ್ಟರಲ್ಲಿಯೇ ಬ್ಯಾಟುಗಾರನು ಬೀಸಬೇಕೋ ಬಿಡಬೇಕೋ ಎಂದು ತೀರ್ಮಾನಿಸಿ, ದುಂಡನೆಯ ಬ್ಯಾಟಿನಿಂದ ದುಂಡನೆಯ ಚೆಂಡನ್ನು ಹೊಡೆದು, ಕ್ಷೇತ್ರರಕ್ಷಕರ ಕೈಗೆ ಸಿಕ್ಕದಂತೆ ಮೊದಲನೆಯ ಬೇಸಿಗೆ ಓಡಿ ಸೇರಬೇಕು. ಹೀಗೆ ಸೇರಿದರೆ ಅದು ಒಂದು ‘ಹಿಟ್’. ಹತ್ತು ಸಲ ಪ್ರಯತ್ನಿಸಿ ಮೂರು ಸಲ ಯಶಸ್ಸು ಪಡೆದವನನ್ನು ಆ ಆಟದಲ್ಲಿ ಉತ್ತಮ ಬ್ಯಾಟುಗಾರನೆಂದು ಗೌರವಿಸುತ್ತಾರೆ. ಹತ್ತರಲ್ಲಿ ಏಳು ಸಲ ಸೋಲುವುದು ಉತ್ತಮರಿಗೂ ತಪ್ಪಿದ್ದಲ್ಲ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಬೇಸ್‌ಬಾಲಿನ ಇನ್ನೊಂದು ನಿಯಮ ಬಲು ಕಠಿಣವಾದುದು. ಒಬ್ಬ ಆಟಗಾರನನ್ನು ತೆಗೆದು ಅವನ ಸ್ಥಾನದಲ್ಲಿ ಮತ್ತೊಬ್ಬನನ್ನು ಇಳಿಸಬಹುದು. ಆದರೆ ಹೊರಗೆ ಬಂದವನು ಆ ದಿನ ಮತ್ತೆ ಆಡುವಂತಿಲ್ಲ. ಪಂದ್ಯವು ಬಿಗಿಯಾಗಿ ಬಂದಾಗ ತರಬೇತುದಾರನು ತನ್ನ ದುರ್ಬಲ ಬ್ಯಾಟುಗಾರನ ಸರದಿಯಲ್ಲಿ ಬೆಂಚಿನ ಮೇಲೆ ಕುಳಿತಿರುವ ಒಬ್ಬನನ್ನು ಕರೆದು ಕಳುಹಿಸುತ್ತಾನೆ. ಹೀಗೆ ಬದಲಿಯಾಗಿ ಬಂದು ಬ್ಯಾಟು ಹಿಡಿಯುವವನೇ ‘ಪಿಂಚ್ ಹಿಟ್ಟರ್’. ಈ ಪದ ನಮ್ಮವರಿಗೆ ಹೊಸತಲ್ಲ. ೧೯೯೦ರ ದಶಕದ ಏಕದಿನ ಕ್ರಿಕೆಟ್ಟಿನಲ್ಲಿ, ಬೇಗನೆ ಓಟ ಗಳಿಸಲೆಂದು ಮೇಲಿನ ಕ್ರಮಾಂಕಕ್ಕೆ ಏರಿಸಿದ ಆಟಗಾರನನ್ನು ಪಿಂಚ್ ಹಿಟ್ಟರ್ ಎಂದು ಕರೆಯುತ್ತಿದ್ದರು. ಕರ್ನಾಟಕದ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅವರನ್ನೂ ಹಾಗೆ ಕೆಲವು ಪಂದ್ಯಗಳಲ್ಲಿ ಕಳುಹಿಸಿದ್ದುಂಟು. ಆದರೆ ಪದದ ತವರಾದ ಬೇಸ್‌ಬಾಲಿನಲ್ಲಿ ಅದರ ಅರ್ಥ ಬೇರೆ. ಅಲ್ಲಿ ಪಿಂಚ್ ಹಿಟ್ಟರ್ ಎಂದರೆ ಆ ದಿನದ ಮೊದಲ ಒಂಬತ್ತು ಜನರಲ್ಲಿ ಇಲ್ಲದವನು, ಇಕ್ಕಟ್ಟಿನಲ್ಲಿ ಮಾತ್ರ ಕರೆಸಿಕೊಳ್ಳುವವನು.

ಇದರ ಕಷ್ಟವನ್ನು ಊಹಿಸಿ ನೋಡಬೇಕು. ದಿನವೂ ಆಡುವ ಆಟಗಾರನಿಗೆ ಒಂದು ಪಂದ್ಯದಲ್ಲಿ ನಾಲ್ಕು ಸಲವಾದರೂ ಸರದಿ ಬರುತ್ತದೆ. ಮೊದಲನೆಯದರಲ್ಲಿ ತಪ್ಪಿದರೆ ಎರಡನೆಯದರಲ್ಲಿ ತಿದ್ದಿಕೊಳ್ಳುತ್ತಾನೆ. ಪಿಚರ್ ಯಾವಾಗ ಯಾವ ಬಗೆಯ ಚೆಂಡು ಎಸೆಯುತ್ತಾನೆಂಬುದು ಅವನಿಗೆ ಆಡುತ್ತ ಆಡುತ್ತ ತಿಳಿಯುತ್ತದೆ. ಬದಲಿಯಾಗಿ ಬರುವವನಿಗೆ ಈ ಯಾವ ಅನುಕೂಲವೂ ಇಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಬೆಂಚಿನ ಮೇಲೆ ಕುಳಿತು ಮೈ ತಣ್ಣಗಾಗಿರುತ್ತದೆ. ಕರೆ ಬರುವುದು ಬಹುತೇಕ ಏಳು, ಎಂಟು, ಒಂಬತ್ತನೆಯ ಇನ್ನಿಂಗ್ಸಿನಲ್ಲಿ. ಆ ವೇಳೆಗೆ ಎದುರಾಳಿಗಳು ದಣಿದ ಪಿಚರನನ್ನು ತೆಗೆದು, ತೋಳು ದಣಿಯದ ಹೊಸಬನನ್ನು ಇಳಿಸಿರುತ್ತಾರೆ. ಓಟಗಳ ಅಂತರ ಕಡಿಮೆ, ಜನರ ಗದ್ದಲ ಹೆಚ್ಚು. ಇಷ್ಟರ ನಡುವೆ ಒಂದೇ ಒಂದು ಅವಕಾಶ. ಹೊಡೆದರೂ ಸೋತರೂ, ಬಹಳಷ್ಟು ಸಲ ಅವನ ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಬೆಂಚಿನ ಮೇಲಿರುವವರ ಸಂಖ್ಯೆಯೂ ದೊಡ್ಡದಲ್ಲ. ಹ್ಯಾರಿಸ್ ಅವರ ಕಾಲದಲ್ಲಿ ಒಂದು ತಂಡಕ್ಕೆ ೨೫ ಜನ ಆಟಗಾರರನ್ನು ಇಟ್ಟುಕೊಳ್ಳಲು ಅನುಮತಿ ಇತ್ತು. ೨೦೨೦ರಿಂದ ಅದು ೨೬ ಆಗಿದೆ. ಇವರಲ್ಲಿ ಅರ್ಧದಷ್ಟು ಮಂದಿ ಪಿಚರುಗಳೇ. ದಿನದ ಆಟಗಾರರನ್ನು ಕಳೆದರೆ ಉಳಿಯುವವರು ಐದಾರು ಜನ. ಇಷ್ಟು ಜನರಿಂದಲೇ ಎಲ್ಲ ಕೊರತೆಗಳನ್ನೂ ತುಂಬಿಕೊಳ್ಳಬೇಕಾದುದರಿಂದ, ಬೆಂಚಿನವನು ಒಂದೇ ಕೆಲಸ ಬಲ್ಲವನಾದರೆ ಸಾಲದು. ಮೂರನೆಯ ಬೇಸಿನವನಿಗೆ ಕಾಲು ಉಳುಕಿದರೆ ಅಲ್ಲಿ ನಿಲ್ಲಬೇಕು. ನಾಳೆ ಎರಡನೆಯ ಬೇಸಿನವನಿಗೆ ವಿಶ್ರಾಂತಿ ಬೇಕಾದರೆ ಅಲ್ಲಿಗೆ ಹೋಗಬೇಕು. ನಾಡಿದ್ದು ದೂರದ ಮೈದಾನದಲ್ಲಿ ಚೆಂಡು ಹಿಡಿಯಬೇಕು. ಇಂಥವನನ್ನು ಅಲ್ಲಿ ‘ಯುಟಿಲಿಟಿ’ ಆಟಗಾರ, ಎಂದರೆ ಎಲ್ಲಿ ಬೇಕಾದರೂ ಒದಗುವವನು ಎನ್ನುತ್ತಾರೆ. ಲೆನ್ನಿ ಹ್ಯಾರಿಸ್ ಈ ಎರಡೂ ಆಗಿದ್ದರು. ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತರು; ಯಾವಾಗ ಕರೆದರೆ ಆಗ ಎದ್ದರು.

ಅವರು ಹುಟ್ಟಿದ್ದು ಅಕ್ಟೋಬರ್ ೨೮, ೧೯೬೪ರಂದು, ಫ್ಲಾರಿಡಾ ರಾಜ್ಯದ ಮಯಾಮಿ ನಗರದಲ್ಲಿ. ೧೯೮೩ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿರುವಾಗ, ಸಿನ್ಸಿನಾಟಿ ರೆಡ್ಸ್ ಸಂಸ್ಥೆ ಅವರನ್ನು ಆಯ್ದುಕೊಂಡಿತು. ಆಯ್ಕೆಯಾದ ಕೂಡಲೇ ದೊಡ್ಡ ಮೈದಾನಕ್ಕೆ ಇಳಿಯುವ ಭಾಗ್ಯ ಆ ಆಟದಲ್ಲಿ ತೀರ ಅಪರೂಪ. ಅಲ್ಲಿ ಪ್ರತಿಯೊಂದು ತಂಡಕ್ಕೂ ಅಧೀನವಾದ ಕಿರಿಯ ತಂಡಗಳ ಶ್ರೇಣಿಯೇ ಇದೆ. ಸಣ್ಣ ಊರುಗಳಲ್ಲಿ ಆಡುತ್ತ, ಬಸ್ಸಿನಲ್ಲಿ ಊರಿಂದೂರಿಗೆ ತಿರುಗುತ್ತ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಹ್ಯಾರಿಸ್ ಹೀಗೆ ಐದು ವರ್ಷ ಕಳೆದು, ೧೯೮೮ರ ಸೆಪ್ಟೆಂಬರಿನಲ್ಲಿ ಹಿರಿಯ ತಂಡಕ್ಕೆ ಬಂದರು. ಮರುವರ್ಷವೇ ಸಿನ್ಸಿನಾಟಿಯವರು ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ವಿನಿಮಯವಾಗಿ ಕೊಟ್ಟರು.

ಓದುಗರಿಗೆ ಈ ‘ವಿನಿಮಯ’ ಎಂಬ ಮಾತು ವಿಚಿತ್ರವೆನಿಸಬಹುದು. ಅಮೆರಿಕದ ವೃತ್ತಿಪರ ಆಟಗಳಲ್ಲಿ ತಂಡಗಳು ತಮ್ಮೊಳಗೆ ಮಾತಾಡಿಕೊಂಡು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬೆಳಿಗ್ಗೆ ಒಂದು ಊರಿನ ಅಂಗಿ ತೊಟ್ಟಿದ್ದವನು ಸಂಜೆಗೆ ಸಾವಿರ ಮೈಲು ದೂರದ ಇನ್ನೊಂದು ಊರಿನ ಅಂಗಿ ತೊಡಬೇಕಾಗಬಹುದು. ಅತ್ಯಂತ ಹಿರಿಯ ಆಟಗಾರರು ತಮ್ಮ ಕರಾರಿನಲ್ಲಿ ಇದನ್ನು ತಡೆಯುವ ಹಕ್ಕು ಪಡೆದುಕೊಳ್ಳುತ್ತಾರೆ. ಬೆಂಚಿನವನಿಗೆ ಅಂಥ ಹಕ್ಕು ಸಿಗುವುದು ದುರ್ಲಭ.

ಲಾಸ್ ಏಂಜಲೀಸಿನಲ್ಲಿ ಮೊದಲೆರಡು ವರ್ಷ ಹ್ಯಾರಿಸ್ ಬಹುಮಟ್ಟಿಗೆ ದಿನದ ಆಟಗಾರರೇ ಆಗಿದ್ದರು. ೧೯೯೦ರಲ್ಲಿ ೧೩೭ ಪಂದ್ಯಗಳನ್ನಾಡಿ ಸಾವಿರಕ್ಕೆ ೩೦೪ರ ಸರಾಸರಿ ಗಳಿಸಿದರು. ೧೯೯೧ರಲ್ಲಿ ೧೪೫ ಪಂದ್ಯಗಳನ್ನಾಡಿದರು. ಅಷ್ಟಾಗಿಯೂ ಆ ಸ್ಥಾನ ನಿಲ್ಲಲಿಲ್ಲ. ಕಾರಣಗಳನ್ನು ಅಂಕಿಗಳೇ ಹೇಳುತ್ತವೆ. ಚೆಂಡನ್ನು ಮೈದಾನದಾಚೆಗೆ ಅಟ್ಟುವ ‘ಹೋಮ್ ರನ್’ಗಳು ಅವರ ಇಡೀ ಹದಿನೆಂಟು ಋತುಗಳಲ್ಲಿ ೩೭ ಮಾತ್ರ. ಬಲಿಷ್ಠ ಹೊಡೆತಗಾರರು ಒಂದೇ ವರ್ಷದಲ್ಲಿ ಅಷ್ಟನ್ನು ಹೊಡೆಯುವುದುಂಟು. ಹೊಸಬರು ಬಂದಂತೆಲ್ಲ ಹ್ಯಾರಿಸ್ ಬೆಂಚಿನ ಕಡೆಗೆ ಸರಿದರು. ಇಲ್ಲಿಗೆ ಅವರ ಕಥೆ ಮುಗಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಖಾಯಂ ಸ್ಥಾನ ಕಳೆದುಕೊಂಡವರಲ್ಲಿ ಬಹಳ ಮಂದಿ ಎರಡು ಮೂರು ವರ್ಷಗಳಲ್ಲಿ ಆಟದಿಂದಲೇ ಮರೆಯಾಗುತ್ತಾರೆ.

ಹ್ಯಾರಿಸ್ ಮರೆಯಾಗಲಿಲ್ಲ. ೧೯೯೪ರಲ್ಲಿ ಮತ್ತೆ ಸಿನ್ಸಿನಾಟಿಗೆ ಬಂದರು, ೧೯೯೮ರ ಮಧ್ಯದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಹೋದರು, ೧೯೯೯ರಲ್ಲಿ ಕೊಲರಾಡೊ, ಅದೇ ವರ್ಷದ ಕೊನೆಗೆ ಅರಿಜೋನಾ, ೨೦೦೦ದಲ್ಲಿ ಪುನಃ ನ್ಯೂಯಾರ್ಕ್, ೨೦೦೨ರಲ್ಲಿ ಮಿಲ್ವಾಕಿ, ೨೦೦೩ರಲ್ಲಿ ಷಿಕಾಗೊ, ಬಳಿಕ ಫ್ಲಾರಿಡಾ. ಒಟ್ಟು ಎಂಟು ತಂಡಗಳು. ಒಂದು ಕಡೆ ಬೇಡವಾದ ಮನುಷ್ಯ ಇನ್ನೊಂದು ಕಡೆ ಬೇಕಾಗುತ್ತಲೇ ಇದ್ದರು. ಅವರು ಬಲಗೈಯಲ್ಲಿ ಎಸೆದು ಎಡಗೈಯ ಬ್ಯಾಟುಗಾರರಾಗಿದ್ದುದೂ ಇದಕ್ಕೆ ಸಹಾಯವಾಯಿತು. ಪಿಚರುಗಳಲ್ಲಿ ಹೆಚ್ಚಿನವರು ಬಲಗೈಯವರು. ಅವರ ಚೆಂಡನ್ನು ಎಡಗೈ ಬ್ಯಾಟುಗಾರ ಹೆಚ್ಚು ಸ್ಪಷ್ಟವಾಗಿ ಕಾಣುತ್ತಾನೆಂಬುದು ಆ ಆಟದ ಹಳೆಯ ಅನುಭವ. ಆದರೆ ಎಡಗೈಯವರು ಲೋಕದಲ್ಲಿ ಎಷ್ಟೋ ಜನ ಇದ್ದಾರೆ. ಎರಡು ಗಂಟೆ ಕುಳಿತಿದ್ದು, ಕರೆದೊಡನೆ ಎದ್ದು, ಕಣ್ಣೆದುರಿಗೆ ಹಾರಿಬರುವ ಚೆಂಡನ್ನು ಹೊಡೆಯಬಲ್ಲವರು ಕೆಲವರೇ.

ಈ ಕೆಲಸದಲ್ಲಿ ನುರಿತವರ ದಿನಚರಿಯನ್ನು ನೋಡಿದರೆ ‘ಕುಳಿತಿರುವುದು’ ಎಂಬ ಮಾತೇ ಸರಿಯಲ್ಲವೆಂದು ತೋರುತ್ತದೆ. ಪಂದ್ಯ ಆರಂಭವಾದಾಗಿನಿಂದ ಅವರು ಎದುರಾಳಿ ಪಿಚರನ ಕೈಯನ್ನು ಗಮನಿಸುತ್ತಿರುತ್ತಾರೆ. ತಮ್ಮ ತಂಡದ ಸರದಿ ಎಲ್ಲಿಗೆ ಬಂದಿದೆ, ಎರಡು ಇನ್ನಿಂಗ್ಸ್ ಕಳೆದರೆ ಯಾರ ಸ್ಥಾನ ಬರುತ್ತದೆ, ಆಗ ತರಬೇತುದಾರ ಯಾರನ್ನು ಕರೆಯಬಹುದು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾರೆ. ಪಂದ್ಯದ ನಡುಭಾಗಕ್ಕೆ ಬಂದಂತೆ ಎದ್ದು ಒಳಗೆ ಹೋಗಿ ಮೈ ಸಡಿಲಿಸಿ, ಬಲೆಯೊಳಗೆ ಬ್ಯಾಟು ಬೀಸಿ ಬರುತ್ತಾರೆ. ಕರೆ ಬಾರದೆ ಪಂದ್ಯ ಮುಗಿದರೆ ಅಷ್ಟೂ ಶ್ರಮ ವ್ಯರ್ಥ; ಆದರೂ ಮರುದಿನ ಮತ್ತೆ ಅದೇ ಲೆಕ್ಕ, ಅದೇ ಅಭ್ಯಾಸ. ಸುಮ್ಮನೆ ಕಾಯುವವನಿಗೂ ಸಿದ್ಧನಾಗಿ ಕಾಯುವವನಿಗೂ ಇರುವ ಅಂತರ ಹೊರಗಿನಿಂದ ಕಾಣುವುದಿಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆಯೇ ಕುಳಿತಿರುತ್ತಾರೆ. ಕರೆ ಬಂದಾಗ ಮಾತ್ರ ಅದು ಬಯಲಾಗುತ್ತದೆ.

ಹ್ಯಾರಿಸ್ ಅವರಿಗೂ ಮುಂಚೆ ಈ ವಿದ್ಯೆಯಲ್ಲಿ ಅಗ್ರಗಣ್ಯರಾಗಿದ್ದವರು ಡೊಮಿನಿಕನ್ ಗಣರಾಜ್ಯದ ಮ್ಯಾನಿ ಮೋಟಾ. ೧೯೩೮ರಲ್ಲಿ ಸ್ಯಾಂಟೊ ಡೊಮಿಂಗೊದಲ್ಲಿ ಹುಟ್ಟಿದ ಅವರು ೧೯೬೨ರಲ್ಲಿ ಅಮೆರಿಕದ ಹಿರಿಯ ಆಟಕ್ಕೆ ಬಂದರು. ೧೯೬೯ರಿಂದ ಲಾಸ್ ಏಂಜಲೀಸ್ ತಂಡದಲ್ಲಿ ನೆಲೆಸಿದರು. ಅವರ ಸಾಮರ್ಥ್ಯಕ್ಕೆ ಒಂದು ನಿದರ್ಶನ ಸಾಕು. ಅಕ್ಟೋಬರ್ ೭, ೧೯೭೭ರಂದು ಫಿಲಡೆಲ್ಫಿಯಾದಲ್ಲಿ ನ್ಯಾಷನಲ್ ಲೀಗಿನ ಪಟ್ಟಕ್ಕಾಗಿ ನಡೆದ ಸರಣಿಯ ಮೂರನೆಯ ಪಂದ್ಯ. ಕೊನೆಯ ಇನ್ನಿಂಗ್ಸಿನಲ್ಲಿ ಲಾಸ್ ಏಂಜಲೀಸ್ ತಂಡ ೩–೫ರಿಂದ ಹಿಂದಿತ್ತು, ಇಬ್ಬರು ಔಟಾಗಿದ್ದರು, ಬೇಸುಗಳಲ್ಲಿ ಒಬ್ಬರೂ ಇರಲಿಲ್ಲ. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಆಗ ತರಬೇತುದಾರರು ಕಳುಹಿಸಿದ್ದು ಬೆಂಚಿನ ಮೇಲಿದ್ದ ಇಬ್ಬರು ಹಿರಿಯರನ್ನು. ಮೊದಲು ಬಂದ ವೆನೆಜುವೆಲಾದ ವಿಕ್ ಡವಾಲಿಯೊ ಅವರಿಗೆ ೪೧ ವರ್ಷ. ಅವರು ಚೆಂಡನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ ಓಡಿ ಬೇಸು ಸೇರಿದರು. ಅನಂತರ ಬಂದ ಮೋಟಾ ಅವರಿಗೆ ೩೯ ವರ್ಷ. ಅವರು ಹೊಡೆದ ಚೆಂಡು ಎಡಬದಿಯ ಗೋಡೆಯವರೆಗೆ ಹಾರಿ, ನೆಗೆದು ಹಿಡಿಯಹೋದ ಕ್ಷೇತ್ರರಕ್ಷಕನ ಕೈಗವಸಿಗೆ ತಾಗಿ ಜಾರಿತು. ಡವಾಲಿಯೊ ಓಟ ಪೂರೈಸಿದರು. ಹಿಂದೆಯೇ ಮೋಟಾ ಕೂಡ ಬಂದು ಸಮ ಮಾಡಿದರು. ಆಟ ೬–೫ರಿಂದ ಲಾಸ್ ಏಂಜಲೀಸಿಗೆ ಒಲಿಯಿತು. ಆ ಇಡೀ ವರ್ಷದಲ್ಲಿ ಮೋಟಾ ಅವರಿಗೆ ಲೆಕ್ಕಕ್ಕೆ ಬಂದ ಸರದಿಗಳು ೩೮ ಮಾತ್ರ. ಅವುಗಳಲ್ಲಿ ೧೫ರಲ್ಲಿ ಹಿಟ್ ಗಳಿಸಿದ್ದರು.

೧೯೭೯ರಲ್ಲಿ ಮೋಟಾ ಅವರು ಸ್ಮೋಕಿ ಬರ್ಜೆಸ್ ಎಂಬ ಹಳೆಯ ಆಟಗಾರರ ಹೆಸರಿನಲ್ಲಿದ್ದ ಪಿಂಚ್ ಹಿಟ್ ದಾಖಲೆಯನ್ನು ಮುರಿದು, ಕೊನೆಗೆ ೧೫೦ಕ್ಕೆ ನಿಲ್ಲಿಸಿದರು. ಆಮೇಲೆ ೨೦೧೩ರವರೆಗೂ ಅದೇ ತಂಡದಲ್ಲಿ ತರಬೇತುದಾರರಾಗಿ ಮುಂದುವರಿದು, ಕಿರಿಯರಿಗೆ ತಾವು ಬಲ್ಲುದನ್ನು ಹೇಳಿಕೊಟ್ಟರು. ಅವರ ೧೫೦ರ ದಾಖಲೆ ಎರಡು ದಶಕಗಳ ಕಾಲ ಅಲುಗಲಿಲ್ಲ.

ಅದನ್ನು ಅಲುಗಿಸಿದವರು ಹ್ಯಾರಿಸ್. ದಿನಾಂಕ ಅಕ್ಟೋಬರ್ ೬, ೨೦೦೧. ನ್ಯೂಯಾರ್ಕಿನ ಷೇ ಕ್ರೀಡಾಂಗಣದಲ್ಲಿ ಮೆಟ್ಸ್ ತಂಡಕ್ಕೂ ಕೆನಡಾದ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡಕ್ಕೂ ಪಂದ್ಯ. ಸೆಪ್ಟೆಂಬರ್ ೧೧ರ ಘೋರ ದುರಂತ ನಡೆದು ಆ ನಗರಕ್ಕೆ ಇನ್ನೂ ತಿಂಗಳು ತುಂಬಿರಲಿಲ್ಲ. ಎಂದಿನಂತೆ ಬೆಂಚಿನಿಂದ ಎದ್ದು ಬಂದ ಹ್ಯಾರಿಸ್ ಒಂದು ಹಿಟ್ ಹೊಡೆದು ಮೊದಲನೆಯ ಬೇಸು ಸೇರಿದರು. ಅದು ಅವರ ೧೫೧ನೆಯ ಪಿಂಚ್ ಹಿಟ್. ಜೊತೆಗಾರರೆಲ್ಲರೂ ಬೆಂಚು ಬಿಟ್ಟು ಮೈದಾನಕ್ಕೆ ಓಡಿಬಂದು ಅವರನ್ನು ಅಪ್ಪಿಕೊಂಡರು. ಆ ಮಾಂಟ್ರಿಯಲ್ ತಂಡದಲ್ಲಿಯೇ ೧೯೬೯ರಲ್ಲಿ ಮೋಟಾ ಕೆಲವು ತಿಂಗಳು ಆಡಿದ್ದರೆಂಬುದು ಯೋಗಾಯೋಗ.

ದಾಖಲೆ ಮಾಡಿದವರಿಗೆ ಮುಂದೆ ಸುಖವೇ ಬಂದಿತೆಂದು ತಿಳಿಯಬಾರದು. ಕೆಲವೇ ತಿಂಗಳುಗಳಲ್ಲಿ ನ್ಯೂಯಾರ್ಕಿನವರು ಅವರನ್ನು ಮಿಲ್ವಾಕಿಗೆ ಕೊಟ್ಟರು. ಅಲ್ಲಿ ೨೦೦೨ರಲ್ಲಿ ೧೨೨ ಪಂದ್ಯಗಳಲ್ಲಿ ಸಾವಿರಕ್ಕೆ ೩೦೫ರ ಸರಾಸರಿಯಲ್ಲಿ ಆಡಿದರು. ೨೦೦೩ರಲ್ಲಿ ಷಿಕಾಗೊ ಕಬ್ಸ್ ತಂಡ ಸೇರಿದಾಗ ಬ್ಯಾಟು ಕೈಕೊಟ್ಟಿತು. ಸರಾಸರಿ ಸಾವಿರಕ್ಕೆ ೧೮೩ಕ್ಕೆ ಇಳಿಯಿತು. ಆಗಸ್ಟಿನಲ್ಲಿ ಆ ತಂಡ ಅವರನ್ನು ಬಿಡುಗಡೆ ಮಾಡಿತು. ಮೂವತ್ತೆಂಟು ವರ್ಷದ ಆಟಗಾರನನ್ನು ಋತುವಿನ ನಡುವೆ ಬಿಟ್ಟರೆಂದರೆ ಸಾಮಾನ್ಯವಾಗಿ ಅದೇ ಅಂತ್ಯ. ಆದರೆ ಕೆಲವೇ ದಿನಗಳಲ್ಲಿ ಫ್ಲಾರಿಡಾ ಮಾರ್ಲಿನ್ಸ್ ತಂಡ, ಎಂದರೆ ಅವರ ಹುಟ್ಟೂರಾದ ಮಯಾಮಿಯ ತಂಡವೇ, ಅವರನ್ನು ಕರೆಯಿತು. ಆ ಅಕ್ಟೋಬರಿನಲ್ಲಿ ಮಾರ್ಲಿನ್ಸ್ ನ್ಯಾಷನಲ್ ಲೀಗಿನ ಪಟ್ಟಕ್ಕಾಗಿ ಎದುರಿಸಬೇಕಾಗಿ ಬಂದದ್ದು ಅದೇ ಷಿಕಾಗೊ ತಂಡವನ್ನು. ಏಳು ಪಂದ್ಯಗಳ ಸರಣಿಯಲ್ಲಿ ೧–೩ರಿಂದ ಹಿಂದೆ ಬಿದ್ದಿದ್ದ ಮಾರ್ಲಿನ್ಸ್ ಕೊನೆಯ ಮೂರನ್ನೂ ಗೆದ್ದಿತು. ಅನಂತರ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿ ವರ್ಲ್ಡ್ ಸೀರೀಸ್ ಪಟ್ಟವನ್ನೂ ಪಡೆಯಿತು. ಆಟಕ್ಕೆ ಬಂದು ಹದಿನಾರನೆಯ ಋತುವಿನಲ್ಲಿ ಹ್ಯಾರಿಸ್ ಮೊದಲ ಸಲ ವಿಜೇತ ತಂಡದ ಸದಸ್ಯರಾದರು. ಆ ಗೆಲುವಿನ ಹಿರಿಮೆ ಅವರ ಬ್ಯಾಟಿಗೆ ಸಲ್ಲತಕ್ಕದ್ದಲ್ಲ, ಯುವಕರಾದ ಇತರ ಆಟಗಾರರಿಗೆ ಸಲ್ಲತಕ್ಕದ್ದು. ಆದರೆ ಗೆದ್ದವರ ಪಟ್ಟಿಯಲ್ಲಿ ಅವರ ಹೆಸರಿದೆ.

೨೦೦೫ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅದೇ ತಂಡದಿಂದ ನಿವೃತ್ತರಾಗುವ ವೇಳೆಗೆ ಅವರು ೧,೯೦೩ ಪಂದ್ಯಗಳಲ್ಲಿ ಕಾಣಿಸಿಕೊಂಡಿದ್ದರು. ಒಟ್ಟು ಹಿಟ್‌ಗಳು ೧,೦೫೫. ಇವುಗಳಲ್ಲಿ ಬದಲಿಯಾಗಿ ಬಂದು ಹೊಡೆದವು ೨೧೨. ಅವರ ನಂತರದ ಸ್ಥಾನದಲ್ಲಿರುವ ಮಾರ್ಕ್ ಸ್ವೀನಿ ಅವರು ೨೦೦೮ರಲ್ಲಿ ೧೭೫ಕ್ಕೆ ನಿಲ್ಲಿಸಿದರು. ಮೂರನೆಯವರು ಮೋಟಾ.

ಈಗ ನಾವು ಆರಂಭದಲ್ಲಿ ನೆನಪಿಡಬೇಕೆಂದು ಕೇಳಿಕೊಂಡ ಮಾತಿಗೆ ಬರೋಣ. ಈ ೨೧೨ ಹಿಟ್‌ಗಳನ್ನು ಗಳಿಸಲು ಹ್ಯಾರಿಸ್ ಬದಲಿಯಾಗಿ ನಿಂತ, ಲೆಕ್ಕಕ್ಕೆ ಬಂದ ಸರದಿಗಳು ೮೦೪. ಎಂದರೆ ೫೯೨ ಸಲ ಅವರು ವಿಫಲರಾದರು. ಇಡೀ ಚರಿತ್ರೆಯಲ್ಲಿ ಈ ಕೆಲಸವನ್ನು ಎಲ್ಲರಿಗಿಂತ ಹೆಚ್ಚು ಸಲ ಸಾಧಿಸಿದ ಮನುಷ್ಯನು ನಾಲ್ಕರಲ್ಲಿ ಸುಮಾರು ಮೂರು ಸಲ ತಲೆತಗ್ಗಿಸಿ ಬೆಂಚಿಗೆ ಹಿಂದಿರುಗಿದನು. ಹಾಗೆ ಹಿಂದಿರುಗಿದಾಗ ಅದೇ ಸಂಜೆ ತಿದ್ದಿಕೊಳ್ಳಲು ಎರಡನೆಯ ಅವಕಾಶವಿರಲಿಲ್ಲ. ಸೋಲನ್ನು ಮನೆಗೆ ಹೊತ್ತುಕೊಂಡು ಹೋಗಬೇಕಾಗಿತ್ತು. ಮುಂದಿನ ಕರೆ ನಾಳೆಯೋ, ಮುಂದಿನ ವಾರವೋ ಯಾರೂ ಹೇಳುವಂತಿರಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನ ಮಗುವಿನ ಮುಖ ನೋಡಿ ಮಾತಾಡಬೇಕಾದ ತಂದೆತಾಯಿಗಳು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದೆಂದು ನಮ್ಮ ಭಾವನೆ. ೫೯೨ ಸೋಲುಗಳನ್ನು ತಾಳಿಕೊಳ್ಳಲಾರದವನಿಗೆ ಆ ೨೧೨ ದಕ್ಕುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಹ್ಯಾರಿಸ್ ಇನ್ನೂ ಉತ್ತಮ ಆಟಗಾರರಾಗಿದ್ದರೆ ಬದಲಿಯಾಗಿ ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ, ಕೊರತೆಯನ್ನೇ ಹಿರಿಮೆಯೆಂದು ಹೊಗಳುವುದೇಕೆ?’ ಈ ಆಕ್ಷೇಪದಲ್ಲಿ ಸತ್ಯವಿದೆ. ಹೆಚ್ಚು ಬಲಿಷ್ಠ ಹೊಡೆತಗಾರರಾಗಿದ್ದರೆ ಅವರಿಗೆ ನಿತ್ಯದ ಸ್ಥಾನ ಸಿಗುತ್ತಿತ್ತು. ಮಕ್ಕಳು ಮೊದಲ ಸ್ಥಾನಕ್ಕೆ ಪ್ರಯತ್ನಿಸಬಾರದೆಂದು ಹೇಳುವುದು ನಮ್ಮ ಉದ್ದೇಶವೂ ಅಲ್ಲ. ಹ್ಯಾರಿಸ್ ಕೂಡ ಮೊದಲಿಗೆ ದಿನದ ಆಟಗಾರರಾಗಿಯೇ ಆಡಿದವರು. ನಾವು ಹೇಳುವುದಿಷ್ಟೇ: ಬಯಸಿದ ಸ್ಥಾನ ಕೈತಪ್ಪಿದ ಮೇಲೆ ಮನುಷ್ಯನ ಮುಂದೆ ಎರಡು ದಾರಿಗಳಿರುತ್ತವೆ. ಸಿಕ್ಕ ಕೆಲಸವನ್ನು ಸಣ್ಣದೆಂದು ತಿರಸ್ಕಾರದಿಂದ ಮಾಡುವುದು ಒಂದು. ಅದಕ್ಕೂ ಒಂದು ವಿದ್ಯೆ ಇದೆಯೆಂದು ಕಲಿತು ಮಾಡುವುದು ಇನ್ನೊಂದು. ಹ್ಯಾರಿಸ್ ಎರಡನೆಯ ದಾರಿ ಹಿಡಿದರು. ಅದರಿಂದ ಅವರು ಮಹಾನ್ ಆಟಗಾರರಾಗಲಿಲ್ಲ. ಆದರೆ ನಲವತ್ತು ವರ್ಷದವರೆಗೆ ಬೇಕಾದವರಾಗಿ ಉಳಿದರು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ಪಿಂಚ್ ಹಿಟ್ಟರಿಗೆ ಕೆಲಸ ಸಿಗುತ್ತಿದ್ದುದಕ್ಕೆ ಮುಖ್ಯ ಕಾರಣ ಪಿಚರ್. ಎಸೆಯುವುದರಲ್ಲಿ ಎಷ್ಟೇ ನಿಪುಣನಾದರೂ ಪಿಚರ್ ಸಾಮಾನ್ಯವಾಗಿ ಬ್ಯಾಟಿನಲ್ಲಿ ದುರ್ಬಲ. ಅವನ ಸರದಿ ಬಂದಾಗಲೇ ಬದಲಿಯನ್ನು ಕರೆಯುವುದು ರೂಢಿ. ಅಮೆರಿಕದ ಹಿರಿಯ ಬೇಸ್‌ಬಾಲಿನಲ್ಲಿ ಎರಡು ಲೀಗುಗಳಿವೆ. ಅಮೆರಿಕನ್ ಲೀಗಿನವರು ೧೯೭೩ರಲ್ಲಿಯೇ ಪಿಚರನ ಬದಲು ಬ್ಯಾಟು ಹಿಡಿಯಲೆಂದೇ ಒಬ್ಬ ಖಾಯಂ ಆಟಗಾರನನ್ನು ಇಟ್ಟುಕೊಳ್ಳುವ ನಿಯಮ ತಂದರು. ನ್ಯಾಷನಲ್ ಲೀಗಿನವರು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿದ್ದರು. ಹ್ಯಾರಿಸ್ ಆಡಿದ ಎಂಟು ತಂಡಗಳೂ ಆಗ ನ್ಯಾಷನಲ್ ಲೀಗಿನವೇ ಆಗಿದ್ದುದು ಆಕಸ್ಮಿಕವಲ್ಲ; ಅವರಂಥವರಿಗೆ ಅನ್ನ ಇದ್ದದ್ದು ಅಲ್ಲಿಯೇ. ೨೦೨೦ರಲ್ಲಿ ಒಂದು ವರ್ಷದ ಮಟ್ಟಿಗೆ, ೨೦೨೨ರಿಂದ ಖಾಯಮ್ಮಾಗಿ, ನ್ಯಾಷನಲ್ ಲೀಗು ಕೂಡ ಹೊಸ ನಿಯಮವನ್ನು ಒಪ್ಪಿಕೊಂಡಿತು. ಪಿಚರುಗಳು ಬ್ಯಾಟು ಹಿಡಿಯುವುದು ನಿಂತಿತು. ಅದರೊಡನೆ ಪಿಂಚ್ ಹಿಟ್ಟರಿನ ಕೆಲಸವೂ ಬಹಳ ಮಟ್ಟಿಗೆ ಕುಗ್ಗಿತು. ಒಂದೇ ವರ್ಷದಲ್ಲಿ ಅತಿ ಹೆಚ್ಚು ಪಿಂಚ್ ಹಿಟ್ ಹೊಡೆದವರು ೧೯೯೫ರಲ್ಲಿ ೨೮ ಗಳಿಸಿದ ಜಾನ್ ವ್ಯಾಂಡರ್ ವಾಲ್. ಜಪಾನಿನ ಸುಪ್ರಸಿದ್ಧ ಆಟಗಾರ ಇಚಿರೊ ಸುಜುಕಿ ೨೦೧೭ರಲ್ಲಿ, ತಮ್ಮ ನಲವತ್ಮೂರನೆಯ ವಯಸ್ಸಿನಲ್ಲಿ, ೨೭ರವರೆಗೆ ಬಂದು ಒಂದರಿಂದ ಹಿಂದುಳಿದರು. ಇನ್ನು ಅಷ್ಟು ಸಲ ಕರೆ ಬರುವುದೇ ಕಷ್ಟ. ಹ್ಯಾರಿಸ್ ಅವರ ೨೧೨ನ್ನು ಯಾರಾದರೂ ಮುರಿಯುವ ಸಂಭವ ಇಲ್ಲವೆನ್ನುವಷ್ಟು ಕಡಿಮೆಯಾಗಿದೆ. ಅವರಿಗಿಂತ ಸಮರ್ಥರು ಹುಟ್ಟುವುದಿಲ್ಲ ಎಂದಲ್ಲ; ಆ ಬೆಂಚೇ ಹೆಚ್ಚುಕಡಿಮೆ ಖಾಲಿಯಾಗಿದೆ.

ಕಾಲ ಬದಲಾದಂತೆ ಕೆಲಸಗಳು ಹುಟ್ಟುತ್ತವೆ, ಕೆಲಸಗಳು ಅಳಿಯುತ್ತವೆ. ಇದಕ್ಕೆ ನಾವು ಕಣ್ಣೀರು ಸುರಿಸಬೇಕಾಗಿಲ್ಲ. ಹೊಸ ನಿಯಮದಿಂದ ಆಟ ಚೆನ್ನಾಗಿದೆಯೆನ್ನುವವರು ಬಹಳ ಮಂದಿ ಇದ್ದಾರೆ; ಅವರ ವಾದವೂ ತೆಗೆದುಹಾಕುವಂಥದಲ್ಲ. ಆದರೆ ಮೈದಾನದಲ್ಲಿ ಇಲ್ಲವಾದರೂ ಸಂಸಾರಗಳಲ್ಲಿ ಆ ಬೆಂಚು ಇನ್ನೂ ಇದೆ. ಅಣ್ಣನಿಗೆ ಬಿಡುವಿಲ್ಲದಾಗ ಆಸ್ಪತ್ರೆಗೆ ಓಡುವ ತಮ್ಮ, ಸೊಸೆ ತವರಿಗೆ ಹೋದಾಗ ಬಂದು ಅಡಿಗೆಮನೆ ಸಂಭಾಳಿಸುವ ಚಿಕ್ಕಮ್ಮ, ಮದುವೆಮನೆಯಲ್ಲಿ ಯಾವ ಕೆಲಸಕ್ಕೂ ಹೆಸರು ಹಚ್ಚದೆ ಎಲ್ಲ ಕೆಲಸಕ್ಕೂ ಕರೆಯುವ ಸೋದರಮಾವ ಇವರೆಲ್ಲ ಯಾರು? ಆಪತ್ತಿಗಾದವನೇ ನೆಂಟ ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಆಪತ್ತು ಕಳೆದ ಮೇಲೆ ಆ ನೆಂಟನನ್ನು ಪಂಕ್ತಿಯ ಯಾವ ಕಡೆ ಕೂರಿಸುತ್ತೇವೆಂಬುದನ್ನು ನಾವು ವಿಚಾರ ಮಾಡುವುದು ಕಡಿಮೆ. ಯಾವಾಗಲೂ ಸಿದ್ಧನಾಗಿರುವವನನ್ನು ಯಾವಾಗಲೂ ಕಾಯಿಸಬಹುದೆಂಬ ಅಭ್ಯಾಸ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಸುಲಭವಾಗಿ ಬೆಳೆಯುತ್ತದೆ. ಅವನಿಗೂ ಒಂದು ಸರದಿ ಬೇಕೆಂದು ಅನ್ನಿಸುತ್ತಿರಬಹುದು. ಕ್ರಮವಾದ ಒಂದು ಸ್ಥಾನ ಬೇಕೆಂದೂ ಅನ್ನಿಸುತ್ತಿರಬಹುದು. ಆತ ಬಾಯಿಬಿಟ್ಟು ಕೇಳಲಿಲ್ಲವೆಂದ ಮಾತ್ರಕ್ಕೆ ಅವನಿಗೆ ಅದು ಬೇಡವೆಂದು ತಿಳಿಯುವುದು ನ್ಯಾಯವಲ್ಲ.

ಬೇಸ್‌ಬಾಲಿನವರು ಒಂದು ವಿಷಯದಲ್ಲಿ ನಮಗಿಂತ ಪ್ರಾಮಾಣಿಕರೆಂದು ಹೇಳಬೇಕು. ಅವರು ಹ್ಯಾರಿಸ್ ಅವರನ್ನು ಎಂಟು ತಂಡಗಳಲ್ಲಿ ತಿರುಗಿಸಿದರು, ಕಾಯಿಸಿದರು, ಒಂದು ಕಡೆ ಋತುವಿನ ನಡುವೆಯೇ ಬಿಟ್ಟರು. ಆದರೆ ಆತ ಎದ್ದು ನಿಂತ ಪ್ರತಿಯೊಂದು ಸಲವನ್ನೂ ಬರೆದಿಟ್ಟರು. ೮೦೪ ಎಂದರೆ ೮೦೪. ೨೧೨ ಎಂದರೆ ೨೧೨. ಹೊಡೆದದ್ದಕ್ಕೂ ಲೆಕ್ಕವಿದೆ, ತಪ್ಪಿದ್ದಕ್ಕೂ ಲೆಕ್ಕವಿದೆ. ನಮ್ಮ ಮನೆಗಳಲ್ಲಿ ಬದಲಿಗೆ ಎದ್ದು ನಿಂತವರ ಲೆಕ್ಕವನ್ನು ಬರೆದಿಡುವವರಿಲ್ಲ. ಕಡೆಯಪಕ್ಷ ನೆನಪಿನಲ್ಲಾದರೂ ಇಟ್ಟುಕೊಂಡು, ಅವರು ಇನ್ನೂ ನಮ್ಮೊಡನಿರುವಾಗಲೇ ಒಂದು ಮಾತಿನಲ್ಲಿ ಅದನ್ನು ತಿಳಿಸೋಣ ಎಂಬುದು ಈ ತಿಂಗಳ ನಮ್ಮ ಅರಿಕೆ.